ಮೂರನೇ ಪಿನ್ನಿನ ಮೇಲೆ ಯಾಕಿಷ್ಟು ಕೋಪ?

ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಭಾವಗೀತೆ ರೆಕಾರ್ಡ್ ಮಾಡುವ ಗೆಳೆಯರೊಬ್ಬರು ಮೊನ್ನೆ ಕರೆದಿದ್ದರು. ಹೋದೆ. ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್, ಆಡಿಯೊ ಇಂಟರ್‌ಫೇಸ್, ಒಂದು ಜೊತೆ ಸ್ಪೀಕರ್, ಪಕ್ಕದಲ್ಲಿ ಕಟಿಂಗ್ ಪ್ಲೇಯರ್. ಅದನ್ನು ಕಂಡ ಕೂಡಲೇ ನನಗೆ ಕಥೆ ತಿಳಿಯಿತು. ಸ್ಪೀಕರಿನ ಪ್ಲಗ್ಗಿಗೂ ಲ್ಯಾಪ್‌ಟಾಪ್ ಚಾರ್ಜರಿನ ಪ್ಲಗ್ಗಿಗೂ ಮೂರನೇ ಪಿನ್ನೇ ಇರಲಿಲ್ಲ.

“ಗುಂಯ್ ಅಂತಿತ್ತು. ಅರ್ಥ್ ಕಿತ್ತೆ, ನಿಂತುಹೋಯ್ತು,” ಎಂದರು, ಹುಳುಕು ಹಲ್ಲು ಕೀಳಿಸಿಕೊಂಡವರ ನೆಮ್ಮದಿಯಲ್ಲಿ. ಮತ್ತೆ ನನ್ನನ್ನು ಕರೆದದ್ದೇಕೆ? “ಈಗ ಮೈಕಿಗೆ ತುಟಿ ತಾಗಿದರೆ ಜುಮ್ ಅನ್ನುತ್ತೆ. ಮೈಕ್ ಬದಲಾಯಿಸಬೇಕಾ?”

ಬರಿಗಾಲಲ್ಲಿ ಮೊಸಾಯಿಕ್ ನೆಲದ ಮೇಲೆ ನಿಂತು ಕೇಳುತ್ತಿದ್ದರು ಈ ಮಾತನ್ನು.

ಅರ್ಥ್ ಪಿನ್ ಕಿತ್ತರೆ ಹಮ್ ಹೋಗುತ್ತದೆ ಎಂಬ ನಂಬಿಕೆಯ ದೊಡ್ಡ ತೊಂದರೆಯೆಂದರೆ, ಅದು ನಿಜ. ಹಮ್ ಹೋಗುತ್ತದೆ. ಪೂರ್ತಿ ಸುಳ್ಳಾಗಿದ್ದರೆ ಎಂದೋ ಸತ್ತಿರುತ್ತಿತ್ತು. ಹಾಗಾಗಿ ಮೊದಲು ಆ ಗುಂಯ್ ಎಲ್ಲಿಂದ ಬರುತ್ತದೆ ನೋಡೋಣ.

ಚಾರ್ಜರಿನ ಮೂಲಕ ಲ್ಯಾಪ್‌ಟಾಪಿಗೆ ಭೂಮಿಯ ಸಂಪರ್ಕವಿದೆ. ಸ್ಪೀಕರಿಗೂ ತನ್ನದೇ ಪ್ಲಗ್ಗಿನಿಂದ ಇದೆ. ಇವೆರಡನ್ನೂ ಯುಎಸ್‌ಬಿ ವೈರು, ಇಂಟರ್‌ಫೇಸು ಮತ್ತು ಆಡಿಯೊ ಕೇಬಲ್ಲಿನ ಹೊರಕವಚ ಸೇರಿ ಮತ್ತೊಮ್ಮೆ ಜೋಡಿಸುತ್ತವೆ. ಅಂದರೆ ಭೂಮಿಗೆ ಎರಡು ದಾರಿಯಾಯಿತು, ದಾರಿಗಳು ಸೇರಿ ಒಂದು ಬಳೆಯಾಯಿತು. ಗೋಡೆಯೊಳಗಿನ ಕರೆಂಟಿನ ಪ್ರಭಾವವೂ, ಎರಡು ಸಾಕೆಟ್ಟುಗಳ ಅರ್ಥಿನ ನಡುವಿನ ಚೂರುಪಾರು ವೋಲ್ಟೇಜ್ ವ್ಯತ್ಯಾಸವೂ ಆ ಬಳೆಯಲ್ಲಿ ಕರೆಂಟು ಹರಿಸುತ್ತವೆ. ಸಾದಾ ಆರ್‌ಸಿಎ ಕೇಬಲ್ಲಿನಲ್ಲಿ ಹೊರಕವಚವೇ ಹಾಡಿನ ವಾಪಸು ದಾರಿ. ಅಲ್ಲಿ ಹರಿದದ್ದೆಲ್ಲ ಹಾಡಿಗೆ ಬೆರೆಯುತ್ತದೆ. ಬಳೆಯನ್ನು ಎಲ್ಲಿ ಮುರಿದರೂ ಸದ್ದು ನಿಲ್ಲುತ್ತದೆ. ಗೆಳೆಯರು ಮುರಿಯಬಾರದ ಕಡೆ ಮುರಿದಿದ್ದರು, ಅಷ್ಟೇ.

ಪ್ಲಗ್ಗಿನಲ್ಲಿ ಅರ್ಥ್ ಪಿನ್ನನ್ನು ಉಳಿದೆರಡಕ್ಕಿಂತ ಉದ್ದ ಮಾಡಿರುವುದು ಚಂದಕ್ಕಲ್ಲ. ಎಲ್ಲಕ್ಕಿಂತ ಮೊದಲು ಅದು ಕೂರಬೇಕು, ಎಲ್ಲಕ್ಕಿಂತ ಕೊನೆಗೆ ಅದು ಬಿಡಬೇಕು. ಪೆಟ್ಟಿಗೆಯೊಳಗೆ 230 ವೋಲ್ಟಿನ ತಂತಿ ಲೋಹದ ಮೈಗೆ ತಾಗಿದರೆ ಕರೆಂಟು ಆ ಪಿನ್ನಿನ ಮೂಲಕ ಓಡಿ ಫ್ಯೂಸು ಹಾರುತ್ತದೆ, ಇಲ್ಲವೇ 30 ಮಿಲಿ ಆಂಪಿಯರ್ ಸೋರಿಕೆಗೇ ಬೀಳುವ ಇಎಲ್‌ಸಿಬಿ ಬೀಳುತ್ತದೆ. ಪಿನ್ ಇಲ್ಲದಿದ್ದರೆ ಅದು ಬೇರೆ ದಾರಿಗೆ ಕಾಯುತ್ತ ಕೂರುತ್ತದೆ. ಮೈಕಿಗೆ ತುಟಿ, ನೆಲಕ್ಕೆ ಪಾದ: ಇದಕ್ಕಿಂತ ಒಳ್ಳೆಯ ದಾರಿ ಯಾವುದಿದೆ? ಗೆಳೆಯರಿಗೆ ಬರುತ್ತಿದ್ದ ಜುಮ್ ಚಾರ್ಜರಿನೊಳಗಿನ ಕೆಪಾಸಿಟರುಗಳಿಂದ ಸೋರುವ ಅತ್ಯಲ್ಪ ಕರೆಂಟು. ಅದು ಕೊಲ್ಲುವುದಿಲ್ಲ. ಆದರೆ ಮೈಮೇಲೆ ಬಂದದ್ದು ಹೋಗಲು ಜಾಗವಿಲ್ಲ ಎಂದು ಹೇಳಿಹೋಗುತ್ತದೆ.

ಇದು ಹೆದರಿಸುವ ಮಾತಲ್ಲ. 1972ರಲ್ಲಿ ‘ಸ್ಟೋನ್ ದಿ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವೆ ವೇಲ್ಸಿನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೇ ಮೈಕು ಮುಟ್ಟಿ ಸತ್ತ. 1976ರಲ್ಲಿ ‘ಯಾರ್ಡ್‌ಬರ್ಡ್ಸ್’ನ ಗಾಯಕ ಕೀತ್ ರೆಲ್ಫ್ ಸತ್ತದ್ದು ತನ್ನ ಮನೆಯಲ್ಲಿ, ಸರಿಯಾಗಿ ಅರ್ಥ್ ಆಗದ ಗಿಟಾರ್ ನುಡಿಸುವಾಗ. ಮನೆಯಲ್ಲಿ ಅನ್ನುವುದನ್ನು ಗಮನಿಸಿ.

“ಫೋನ್ ಚಾರ್ಜರಿಗೆ ಎರಡೇ ಪಿನ್ ಇರುತ್ತಲ್ಲ?” ಎಂಬ ಜಾಣ ಪ್ರಶ್ನೆ ಬಂದೇ ಬರುತ್ತದೆ. ಅದರ ಮೇಲೆ ಚೌಕದೊಳಗೊಂದು ಚೌಕದ ಗುರುತಿರುತ್ತದೆ, ಓದುಗನ್ನಡಕ ಹಾಕಿಕೊಂಡು ನೋಡಿ. ಇಮ್ಮಡಿ ಇನ್ಸುಲೇಶನ್ ಕೊಟ್ಟು ಅರ್ಥ್ ಬೇಡದಂತೆ ಕಟ್ಟಿದ್ದು ಅದು. ಎರಡೇ ಗಾಲಿಗೆಂದು ಕಟ್ಟಿದ ಸೈಕಲ್ ಬೇರೆ, ಒಂದು ಗಾಲಿ ಕಳಚಿದ ಆಟೊ ಬೇರೆ.

ಪತ್ತೆ ಮಾಡುವ ಕೆಲಸವಾದರೂ ಎಷ್ಟು? ವೈರಿನ ಹೆಡ್‌ಫೋನಿನಲ್ಲಿ ರೆಕಾರ್ಡಿಂಗ್ ಕೇಳಿ. ಅಲ್ಲಿ ಹಮ್ ಇಲ್ಲದಿದ್ದರೆ ಹಾಡು ಶುದ್ಧವಾಗಿದೆ, ರೋಗವಿರುವುದು ಸ್ಪೀಕರಿನ ಕಡೆಗೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಸದ್ದು ನಿಂತರೆ ಬಳೆ ಸಿಕ್ಕಿತು. ಎಲ್ಲ ಪ್ಲಗ್ಗುಗಳನ್ನೂ ಅರ್ಥ್ ಇರುವ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತನ್ನಿ, ಆರ್‌ಸಿಎ ತೆಗೆದು ಬ್ಯಾಲೆನ್ಸ್ಡ್ ಕೇಬಲ್ ಹಾಕಿ. ಅದರಲ್ಲಿ ಹಾಡು ಎರಡು ತಂತಿಗಳಲ್ಲಿ ಒಂದಕ್ಕೊಂದು ತಿರುವುಮುರುವಾಗಿ ಹೋಗುತ್ತದೆ, ಸ್ಪೀಕರು ಎರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುತ್ತದೆ. ಎರಡಕ್ಕೂ ಒಂದೇ ರೀತಿ ಅಂಟಿದ ಹಮ್ ಕಳೆದುಹೋಗುತ್ತದೆ. ಬೋರ್ಡಿನ ಮೂರನೇ ತೂತಿನ ಹಿಂದೆ ತಂತಿ ಇದೆಯೋ ಎಂದು ಎಲೆಕ್ಟ್ರಿಷಿಯನ್ನರಿಂದ ನೋಡಿಸಿ. ನಮ್ಮ ಎಷ್ಟೋ ಹಳೆಯ ಮನೆಗಳಲ್ಲಿ ಅದು ಬರೀ ತೂತು. ಅರ್ಥಿಂಗ್ ಗುಂಡಿಗೆ ಇನ್ನೊಂದು ಮೂಟೆ ಉಪ್ಪು ಸುರಿದರೆ ಜೀವಕ್ಕೆ ಒಳ್ಳೆಯದಾಗಬಹುದು, ಬಳೆಯೇನೂ ಕರಗುವುದಿಲ್ಲ.

ಗೆಳೆಯರು ಪಿನ್ ಕೀಳುವ ಮೊದಲು ಇನ್ನೊಂದು ಮದ್ದನ್ನೂ ಮಾಡಿದ್ದರು. ಯಾವುದೋ ವಿಡಿಯೊ ನೋಡಿ ಈಕ್ವಲೈಜರಿನಲ್ಲಿ 60 ಹರ್ಟ್ಸ್ ಕತ್ತರಿಸಿದ್ದರು. ಹಮ್ ಅಲ್ಲಾಡಲಿಲ್ಲ. ಹೇಗೆ ಅಲ್ಲಾಡೀತು? 60 ಅಮೆರಿಕದ ಕರೆಂಟು, ನಮ್ಮದು 50. ನಮ್ಮ ಗುಂಯ್ 50, 100, 150ರಲ್ಲಿ ಕೂರುತ್ತದೆ. ಐದು ಮನೆ ಶ್ರುತಿಯ ಷಡ್ಜವನ್ನು ತೀರಾ ಕೆಳಗಿನ ಸ್ಥಾಯಿಗಿಳಿಸಿದರೆ 49 ಹರ್ಟ್ಸ್ ಆಗುತ್ತದೆ. ಆ ಶ್ರುತಿಯಲ್ಲಿ ಹಾಡುವವರಿಗೆ ವಿದ್ಯುತ್ ಇಲಾಖೆಯಿಂದ ಪುಕ್ಕಟೆ ತಂಬೂರಿ, ಕೊಂಚ ಅಪಶ್ರುತಿಯದು. ಊರು ಯಾವುದೆಂದು ನೋಡದೆ ಔಷಧಿ ಕುಡಿಯುವವರಿಗೆ ನಾನೇನು ಹೇಳಲಿ.

ಉಳಿದವು ಪುಡಿ ನಂಬಿಕೆಗಳು. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಬೀದಿಯ ಹಾರ್ನ್ ನಿಲ್ಲುವುದಿಲ್ಲ; ಸದ್ದು ತಡೆಯಲು ಭಾರ ಬೇಕು, ಟ್ರೇ ರದ್ದಿ ಕಾಗದ. 192 ಕಿಲೋಹರ್ಟ್ಸಿನಲ್ಲಿ ರೆಕಾರ್ಡ್ ಮಾಡಿದರೆ ನಿಮ್ಮ ನಾಯಿಗೂ ಹಾಡು ಇಷ್ಟವಾಗುವುದಿಲ್ಲ, ಡಿಸ್ಕು ಮಾತ್ರ ತುಂಬುತ್ತದೆ. ದನಿ ತಡವಾಗಿ ಕೇಳುತ್ತದೆಂದು ರ್‍ಯಾಮ್ ಕೊಂಡವರೇ, ಬಫರನ್ನು 1024ರಿಂದ 128ಕ್ಕೆ ಇಳಿಸಿ, ಬ್ಲೂಟೂತ್ ಹೆಡ್‌ಫೋನ್ ಬಿಚ್ಚಿಡಿ. ಚಟಪಟ ಎಂದರೆ ಬಫರ್ ಏರಿಸಿ, ಮೈಕನ್ನು ಬೈಯಬೇಡಿ. “ನನ್ನ ದನಿಗೂ ಈ ಮೈಕಿಗೂ ಆಗಿಬರಲ್ಲ, ಶ್ರುತಿಯೇ ಏರಿಬಿಡುತ್ತೆ” ಎಂದವರೊಬ್ಬರಿದ್ದರು, 44.1ರಲ್ಲಿ ರೆಕಾರ್ಡ್ ಆದದ್ದನ್ನು 48ರಲ್ಲಿ ನುಡಿಸುತ್ತಿದ್ದರು, ಹಾಡು ಸುಮಾರು ಒಂದೂವರೆ ಸ್ವರಸ್ಥಾನ ಮೇಲೆ ಕೂತಿತ್ತು.

ಅದೇ ಜನ ಚಿನ್ನದ ಲೇಪದ ಯುಎಸ್‌ಬಿ ಕೇಬಲ್ಲಿಗೆ ಸಾವಿರಗಟ್ಟಲೆ ಸುರಿಯುತ್ತಾರೆ, ಸೊನ್ನೆ ಒಂದುಗಳಿಗೆ ಮಾಧುರ್ಯ ಬರಲೆಂದು. ಮಿಕ್ಸಿಂಗ್ ಟೇಬಲ್ಲನ್ನು ಈಶಾನ್ಯಕ್ಕೆ ಎಳೆಸಿದವರನ್ನೂ ಕಂಡಿದ್ದೇನೆ. ತರಕಾರಿಯವನ ತಕ್ಕಡಿಯನ್ನು ಮೂರು ಸಲ ಬಗ್ಗಿ ನೋಡುವವರು ಸ್ಕ್ರೀನಿನಲ್ಲಿ ಯಾರೋ ಹೇಳಿದರೆ ಎದುರು ಪ್ರಶ್ನೆಯಿಲ್ಲದೆ ಪ್ಲಗ್ಗಿಗೆ ಇಕ್ಕಳ ಹಾಕುತ್ತಾರೆ.

ಅವತ್ತು ಇಬ್ಬರೂ ಅಂಗಡಿಗೆ ಹೋಗಿ ಎರಡು ಹೊಸ ಪ್ಲಗ್ಗು, ಎರಡು ಬ್ಯಾಲೆನ್ಸ್ಡ್ ಕೇಬಲ್ಲು ತಂದೆವು. ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಿ ಸ್ಪೀಕರಿನ ವಾಲ್ಯೂಮ್ ಏರಿಸಿದೆ. ಗುಂಯ್ ಇಲ್ಲ. ಗೆಳೆಯರು ಕಣ್ಣು ಮುಚ್ಚಿ ಬಹಳ ಹೊತ್ತು ಆಲಿಸಿದರು.

“ಗುಂಯ್ ಹೋಯ್ತು. ಆದರೆ ಸಣ್ಣಗೆ ಏನೋ ಗರಗರ ಅನ್ನುತ್ತಿದೆಯಲ್ಲ, ಇದು ಯಾವ ಅರ್ಥಿನದು?”

ಕೈ ಮೇಲೆತ್ತಿ ತೋರಿಸಿದೆ. ಫ್ಯಾನು ತಿರುಗುತ್ತಿತ್ತು.