ಹಾಡು ಯಾರ ಸ್ವತ್ತು?

ಒಂದು ಹಾಡು ಬರೆದವರಿಗೆ ಸೇರಿದ್ದೋ, ಅದಕ್ಕೆ ಮರುಜನ್ಮ ಕೊಟ್ಟವರಿಗೋ? ಜಾಝ್ ಸಂಗೀತದಲ್ಲಿ ಈ ಪ್ರಶ್ನೆಯನ್ನು ಎದುರು ನಿಲ್ಲಿಸುವ ಕೃತಿ 'ಬಾಡಿ ಅಂಡ್ ಸೋಲ್'.

1930ರಲ್ಲಿ ಇದಕ್ಕೆ ಸ್ವರ ಸಂಯೋಜಿಸಿದ ಜಾನಿ ಗ್ರೀನ್ ವಾಲ್‌ಸ್ಟ್ರೀಟ್‌ನ ನೌಕರಿ ತೊರೆದು ಬಂದ ತರುಣ. ಬ್ರಿಟಿಷ್ ನಟಿ ಗರ್ಟ್ರೂಡ್ ಲಾರೆನ್ಸ್ ಅವರಿಗಾಗಿ ಹುಟ್ಟಿದ ಹಾಡು ಮೊದಲು ಲಂಡನ್ನಿನಲ್ಲಿ ಹೆಸರಾಗಿ, ಅದೇ ವರ್ಷ ಲಿಬ್ಬಿ ಹೋಲ್ಮನ್ ಅವರ ಕಂಠದಲ್ಲಿ ಬ್ರಾಡ್‌ವೇ ರಂಗಮಂಚವನ್ನೇರಿತು. ಸಾಹಿತ್ಯದ ವಸ್ತು ಹಳೆಯದೇ: ಕೈಬಿಟ್ಟ ಪ್ರೀತಿಯ ಅಳಲು. ಹೊಸದಾಗಿದ್ದುದು ಸ್ವರಗಳ ನಡೆ. ಸಾಮಾನ್ಯವಾಗಿ ಡಿ-ಫ್ಲ್ಯಾಟ್ ಶ್ರುತಿಯಲ್ಲಿ ನುಡಿಸುವ ಈ 32 ಆವರ್ತನಗಳ ಹಾಡು ನಡುಭಾಗದಲ್ಲಿ ಅರ್ಧ ಸ್ವರ ಮೇಲೇರುತ್ತದೆ. ಬಳಿಕ ಮೂಲ ಶ್ರುತಿಗಿಂತಲೂ ಅರ್ಧ ಸ್ವರ ಕೆಳಗಿಳಿದು, ಮೆಲ್ಲನೆ ಮನೆಗೆ ಮರಳುತ್ತದೆ. ಕದಲದ ಷಡ್ಜಕ್ಕೆ ಒಗ್ಗಿದ ನಮ್ಮ ಕಿವಿಗೆ ಕಾಲಡಿಯ ನೆಲವೇ ಸರಿದಂತೆ ಭಾಸವಾದರೆ ಅಚ್ಚರಿಯಿಲ್ಲ. ವಿರಹಿಯ ಅನುಭವವೂ ಅದೇ ಅಲ್ಲವೇ?

1939ರ ಅಕ್ಟೋಬರ್ 11ರಂದು ಕೋಲ್ಮನ್ ಹಾಕಿನ್ಸ್ ನ್ಯೂಯಾರ್ಕಿನಲ್ಲಿ ಇದನ್ನು ಧ್ವನಿಮುದ್ರಿಸಿದರು. ಐದು ವರ್ಷ ಯುರೋಪಿನಲ್ಲಿದ್ದು ಆಗಷ್ಟೇ ತಾಯ್ನಾಡಿಗೆ ಮರಳಿದ್ದ ಕಪ್ಪುವರ್ಣೀಯ ಸ್ಯಾಕ್ಸೊಫೋನ್ ವಾದಕ ಅವರು. ಪಿಯಾನೋದ ಪುಟ್ಟ ಪೀಠಿಕೆಯ ನಂತರ ಮೂಲ ಧಾಟಿ ಕೇಳಿಸುವುದು ಕೆಲವೇ ಆವರ್ತನಗಳಲ್ಲಿ. ಮುಂದಿನದೆಲ್ಲ ಮನೋಧರ್ಮ. ಆದರೆ ಅದು ಸ್ವೇಚ್ಛೆಯಲ್ಲ. ನಮ್ಮ ವಿದ್ವಾಂಸರು ರಾಗದ ಚೌಕಟ್ಟಿನಲ್ಲಿ ವಿಹರಿಸುವಂತೆ, ಹಾಕಿನ್ಸ್ ಹಾಡಿನ ತಳದಲ್ಲಿ ಒಂದರ ಹಿಂದೊಂದು ಬರುವ ಸ್ವರಗುಚ್ಛಗಳನ್ನು ಹಿಡಿದು ಹೊಸ ಧಾಟಿಯೊಂದನ್ನು ಹೆಣೆಯುತ್ತಾರೆ. ಪಿಸುಮಾತಿನಂತೆ ಆರಂಭವಾದದ್ದು ಎರಡನೆಯ ಸುತ್ತಿನಲ್ಲಿ ತಾರಸ್ಥಾಯಿಯ ಮೊರೆಯಾಗುತ್ತದೆ. ಸುಮಾರು ಮೂರೇ ನಿಮಿಷ. ಸಾಹಿತ್ಯದ ಒಂದು ಪದವೂ ಇಲ್ಲ. ಆದರೂ ಜನಸಾಮಾನ್ಯರು ಈ ತಟ್ಟೆಯನ್ನು ಮುಗಿಬಿದ್ದು ಕೊಂಡರು. ಮುಂದಿನ ಪೀಳಿಗೆಯ ವಾದಕರಿಗೆ ಅದು ಪಠ್ಯವಾಯಿತು. 2004ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಸಂರಕ್ಷಿಸಬೇಕಾದ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು.

ಇಷ್ಟಾಗಿಯೂ ಹಾಡಿನ ಕರ್ತೃಗಳೆಂದು ದಾಖಲಾಗಿರುವುದು ಗ್ರೀನ್ ಮತ್ತು ಮೂವರು ಗೀತರಚನಕಾರರ ಹೆಸರು ಮಾತ್ರ. ಬರೆದಿಟ್ಟ ಸ್ವರವನ್ನು ಗುರುತಿಸುವ ಕಾನೂನು, ಆ ಕ್ಷಣದಲ್ಲಿ ಹುಟ್ಟಿದ ಸ್ವರದ ಮುಂದೆ ತಡವರಿಸುತ್ತದೆ. ಜಾಝ್ ಬೆಳೆದದ್ದೇ ಅಂಥ ಸ್ವರಗಳಿಂದ. ಅದನ್ನು ಬೆಳೆಸಿದವರಲ್ಲಿ ಮುಂಚೂಣಿಯಲ್ಲಿದ್ದವರು ಕಪ್ಪು ಕಲಾವಿದರು.

2011ರ ಮಾರ್ಚ್‌ನಲ್ಲಿ ಟೋನಿ ಬೆನೆಟ್ ಅವರೊಡನೆ ಏಮಿ ವೈನ್‌ಹೌಸ್ ಇದೇ ಹಾಡನ್ನು ಹಾಡಿದರು. ನಾಲ್ಕೇ ತಿಂಗಳಲ್ಲಿ, 27ರ ಹರೆಯದಲ್ಲಿ ತೀರಿಕೊಂಡರು. ಅವರ ದನಿಯಲ್ಲಿ ಅದು ಮತ್ತೆ ಬೇರೆಯೇ ಹಾಡು. ಒಡೆತನದ ಪತ್ರಗಳು ಏನೇ ಹೇಳಲಿ, ಹಾಡು ಉಳಿಯುವುದು ಹೀಗೆ ಕೈಯಿಂದ ಕೈಗೆ ದಾಟಿದಾಗ ಮಾತ್ರ. ದಾಟಿಸಿದವರ ಋಣವನ್ನು ನೆನೆಯುವುದಷ್ಟೇ ಕೇಳುಗರಾದ ನಮ್ಮ ಪಾಲಿನ ಕೆಲಸ.