ನಾಲ್ಕು ಊರು, ಒಂದು ರುಜು

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿರುವ ಮೂವರು ಮಿತ್ರರು ಕೂಡಿ ಒಂದೇ ತಿಜೋರಿಯನ್ನು ಕಾಯಬೇಕಾಗಿದೆ ಎಂದು ಊಹಿಸಿಕೊಳ್ಳೋಣ. ಕೀಲಿಕೈ ಒಬ್ಬನಲ್ಲಿಯೇ ಇದ್ದರೆ, ಅವನು ನಿದ್ರೆಹೋದಾಗ ವ್ಯವಹಾರ ನಿಲ್ಲುವುದು. ಅವನು ಕೆಟ್ಟರೆ ತಿಜೋರಿ ಬರಿದಾಗುವುದು. ಮೂವರಿಗೂ ಪೂರ್ತಿ ಕೀಲಿಕೈಯನ್ನೇ ಕೊಟ್ಟರೆ ಅಪಾಯ ಮೂರು ಪಟ್ಟಾಗುವುದು. ಹಾಗಾದರೆ ಮಾಡತಕ್ಕುದೇನು?

ಇದು ಕೇವಲ ಒಗಟಲ್ಲ. ಈಥೀರಿಯಮ್ ಎಂಬ ಕ್ರಿಪ್ಟೋ ನಾಣ್ಯದ ಲೆಕ್ಕಪತ್ರವನ್ನು ಯಾವ ಬ್ಯಾಂಕೂ ಇಟ್ಟಿರುವುದಿಲ್ಲ. ಜಗತ್ತಿನ ನಾನಾ ಕಡೆಗಳಲ್ಲಿರುವ ಕಂಪ್ಯೂಟರುಗಳು ಅದನ್ನು ಬರೆದು, ಪರಸ್ಪರ ತಾಳೆ ನೋಡುತ್ತವೆ. ಈ ಕಾರ್ಯಕ್ಕೆ ಸೇರಬಯಸುವವನು ಕನಿಷ್ಠ 32 ಈಥರ್ ನಾಣ್ಯಗಳನ್ನು ಒತ್ತೆಯಿಡಬೇಕು. ಅಂಥವನಿಗೆ ವ್ಯಾಲಿಡೇಟರ್ ಎಂದು ಹೆಸರು. ಪ್ರತಿ 12 ಸೆಕೆಂಡಿಗೆ ಲೆಕ್ಕದ ಹೊಸ ಪುಟವೊಂದಕ್ಕೆ ಅವಕಾಶ. 32 ಪುಟಗಳ ಅವಧಿಗೆ, ಎಂದರೆ 6.4 ಮಿನಿಟಿಗೆ ಒಮ್ಮೆ, ಪ್ರತಿಯೊಬ್ಬ ವ್ಯಾಲಿಡೇಟರನೂ ತನ್ನ ಮತಕ್ಕೆ ರುಜು ಹಾಕಬೇಕು. ಗೈರುಹಾಜರಾದವನಿಗೆ ಅಲ್ಪ ದಂಡ. ಒಂದಕ್ಕೊಂದು ವಿರುದ್ಧವಾದ ಎರಡು ಮತಗಳಿಗೆ ರುಜು ಹಾಕಿದವನ ಒತ್ತೆಯಲ್ಲಿ ಒಂದಂಶ ಮುಟ್ಟುಗೋಲಾಗುವುದಲ್ಲದೆ ಅವನಿಗೆ ಬಹಿಷ್ಕಾರವೂ ಉಂಟು.

ಕೀಲಿಕೈಯನ್ನು ಒಡೆದು ಹಂಚುವ ಉಪಾಯವನ್ನು ಆದಿ ಶಮೀರ್ ಎಂಬ ಗಣಿತಜ್ಞರು 1979ರಲ್ಲಿ ಪ್ರಕಟಿಸಿದರು. ಅದು ಹೈಸ್ಕೂಲಿನ ಬೀಜಗಣಿತದಷ್ಟೇ ಸರಳವಾದುದು. ಎರಡು ಬಿಂದುಗಳ ಮೂಲಕ ಹಾಯುವ ಪರವಲಯಗಳು ಅಸಂಖ್ಯ; ಮೂರು ಬಿಂದುಗಳು ಗೊತ್ತಾದರೆ y = ax² + bx + c ಎಂಬ ರೂಪದ ಪರವಲಯ ಒಂದೇ. ಅದು ಲಂಬಾಕ್ಷವನ್ನು ಕಡಿಯುವ ಎತ್ತರವೇ ನಮ್ಮ ಗುಟ್ಟಿನ ಸಂಖ್ಯೆಯೆಂದಿಟ್ಟುಕೊಂಡು, ಒಬ್ಬೊಬ್ಬ ಮಿತ್ರನಿಗೆ ಒಂದೊಂದು ಬಿಂದುವನ್ನು ಕೊಡೋಣ. ಮೂವರು ಕೂಡಿದರೆ ಗುಟ್ಟು ತಿಳಿಯುವುದು. ಇಬ್ಬರಿಗೆ ಏನೂ ತಿಳಿಯದು. ಇದಕ್ಕಿಂತಲೂ ಸೊಗಸಾದ ಸಂಗತಿಯೊಂದಿದೆ. ಈಥೀರಿಯಮ್ ಬಳಸುವ ರುಜುವಿನ ವಿಧಾನದಲ್ಲಿ ಪ್ರತಿಯೊಬ್ಬನೂ ತನ್ನ ತುಣುಕಿನಿಂದಲೇ ಅರೆರುಜು ಹಾಕಬಹುದು. ಅರೆರುಜುಗಳನ್ನು ಕೂಡಿಸಿದರೆ ಪೂರ್ಣ ರುಜು ಸಿದ್ಧ. ಪೂರ್ಣ ಕೀಲಿಕೈ ಆಗಲೂ ಯಾವ ಯಂತ್ರದಲ್ಲಿಯೂ ಮೂಡುವುದಿಲ್ಲ!

ಆದರೆ ನಮ್ಮ ಮಿತ್ರರು ಮೂವರೇ ಇದ್ದರೆ ಸಾಲದು. ಮೂವರಲ್ಲಿ ಇಬ್ಬರ ರುಜು ಸಾಕೆಂದರೆ, ಎರಡು ಜೋಡಿಗಳಿಗೆ ಸಮಾನನಾದವನು ಒಬ್ಬನೇ. ಅವನೇ ಕಪಟಿಯಾದರೆ ವಿರುದ್ಧವಾದ ಎರಡು ರುಜುಗಳು ಹೊರಡಬಹುದು. ಮೂವರೂ ಬೇಕೆಂದರೆ ಒಬ್ಬನ ಯಂತ್ರ ನಿಂತೊಡನೆ ಕೆಲಸವೇ ನಿಲ್ಲುವುದು. ಚಿಕ್ಕೋಡಿಯಿಂದ ನಾಲ್ಕನೆಯವನನ್ನು ಕರೆದು, ಮೂವರ ರುಜು ಅಗತ್ಯವೆಂದು ವಿಧಿಸಿದರೆ, ಯಾವ ಎರಡು ತ್ರಿಕೂಟಗಳಲ್ಲಿಯೂ ಇಬ್ಬರಾದರೂ ಸಮಾನರು. ಒಬ್ಬ ಕೆಟ್ಟರೂ ಇನ್ನೊಬ್ಬನು ಪ್ರಾಮಾಣಿಕನಿರುತ್ತಾನಷ್ಟೆ. ಇದೇ ವಿತರಿತ ವ್ಯಾಲಿಡೇಟರಿನ ಮರ್ಮ. ಈ ಕೆಲಸಕ್ಕಾಗಿ ಓಬಾಲ್ ಎಂಬ ಸಂಸ್ಥೆ ರಚಿಸಿದ ತಂತ್ರಾಂಶದ ಹೆಸರು ಕೇರಾನ್. ಗ್ರೀಕರ ಪುರಾಣದಲ್ಲಿ ಸತ್ತವರನ್ನು ಹೊಳೆ ದಾಟಿಸುವ ಅಂಬಿಗನು ಕೇರಾನ್, ಅವನಿಗೆ ಕೊಡುವ ನಾಣ್ಯ ಓಬಾಲ್; ಹೆಸರಿಟ್ಟವರು ರಸಿಕರೇ ಸರಿ.

ತಂತ್ರಾಂಶವನ್ನು ಕಾಲಕಾಲಕ್ಕೆ ಬದಲಿಸಬೇಕಾಗುತ್ತದೆ. ಇಬ್ಬರು ಏಕಕಾಲದಲ್ಲಿ ಯಂತ್ರ ನಿಲ್ಲಿಸಿದರೆ ಉಳಿದವರಿಬ್ಬರಿಂದ ರುಜು ಸಾಧ್ಯವಿಲ್ಲ. ಆದಕಾರಣ ಒಬ್ಬೊಬ್ಬರಾಗಿಯೇ ಬದಲಿಸಬೇಕು. ಬದಲಾದ ಯಂತ್ರ ಹಳೆಯ ಯಂತ್ರಗಳೊಡನೆ ಮಾತನಾಡುವುದೇ ಎಂದು ಪ್ರತಿ ಸಲವೂ ನೋಡಬೇಕು. ಈ ಪ್ರಯೋಗಗಳನ್ನು ನಿಜವಾದ ಹಣದ ಮೇಲೆ ನಡೆಸುವುದು ಅವಿವೇಕ. ಅದಕ್ಕೆಂದೇ ಪರೀಕ್ಷಾ ಜಾಲಗಳಿವೆ. ಅಲ್ಲಿನ ನಿಯಮಗಳೆಲ್ಲ ಅಸಲು ಜಾಲದವೇ, ನಾಣ್ಯಗಳಿಗೆ ಮಾತ್ರ ಬೆಲೆಯಿಲ್ಲ.

ಈ ಜಾಲಗಳಿಗೆ ರೈಲು ನಿಲ್ದಾಣಗಳ ಹೆಸರಿಡುವುದು ವಾಡಿಕೆ. ಗೋರ್ಲಿ ಬರ್ಲಿನ್ನಿನದು, ಸೆಪೋಲಿಯ ಅಥೆನ್ಸಿನದು, ಹೊಲೆಸ್ಕಿ ಪ್ರಾಗ್ ನಗರದ್ದು. 2025ರ ಫೆಬ್ರವರಿ 24ರಂದು ಹೊಲೆಸ್ಕಿಯಲ್ಲಿ ಪೆಕ್ಟ್ರಾ ಎಂಬ ಹೊಸ ನಿಯಮಾವಳಿಯನ್ನು ಜಾರಿಗೆ ತಂದರು. ಒತ್ತೆಯ ನಾಣ್ಯಗಳನ್ನು ಸ್ವೀಕರಿಸುವ ಕರಾರಿನ ವಿಳಾಸ ಒಂದೊಂದು ಜಾಲದಲ್ಲಿ ಒಂದೊಂದು ಬಗೆಯಾಗಿರಬಹುದು. ಗೆಥ್, ನೆದರ್‌ಮೈಂಡ್, ಬೆಸು ಎಂಬ ಮೂರು ತಂತ್ರಾಂಶಗಳಲ್ಲಿ ಹೊಲೆಸ್ಕಿಯ ಈ ವಿಳಾಸ ತಪ್ಪಾಗಿತ್ತು. ಬಹುಮಂದಿ ಬಳಸುತ್ತಿದ್ದುದು ಇವುಗಳನ್ನೇ. ಅಸಿಂಧುವಾದ ಪುಟವೊಂದನ್ನು ಅವು ಸರಿಯೆಂದು ಒಪ್ಪಿದವು. ಎರಿಗಾನ್, ರೆಥ್ ಎಂಬವು ತಿರಸ್ಕರಿಸಿದವು. ಜಾಲ ಇಬ್ಭಾಗವಾಯಿತು. ವಿಳಾಸವನ್ನು ತಿದ್ದುವುದು ಸುಲಭ. ಆದರೆ ತಪ್ಪು ಕವಲಿಗೆ ಮತ ಹಾಕಿದವರು ಸರಿಯಾದ ಕವಲಿಗೆ ಬಂದು ಮತ ಹಾಕಿದರೆ ವಿರುದ್ಧಮತದ ಅಪರಾಧಕ್ಕೆ ಗುರಿಯಾಗುವ ಸಂಭವವಿತ್ತು. ಲೆಕ್ಕ ಅಂತಿಮಗೊಳ್ಳಲು ಮೂರರಲ್ಲೆರಡು ಪಾಲು ಮತ ಬೇಕು. ಅದು ಕೂಡಿಬಂದದ್ದು ಮಾರ್ಚ್ 10ರಂದು! ಅಸಲು ಜಾಲದಲ್ಲಿ ಹೀಗಾಗಿದ್ದರೆ ಒತ್ತೆಯಿಟ್ಟವರ ಗತಿಯೇನೆಂಬುದನ್ನು ವಾಚಕರೇ ಊಹಿಸಬಹುದು.

ಕೀಲಿಕೈಯನ್ನು ನಾಲ್ಕು ಊರಿಗೆ ಹಂಚಿದರೂ ಈ ಬಗೆಯ ವಿಪತ್ತು ತಪ್ಪದೆಂಬುದನ್ನು ಗಮನಿಸಬೇಕು. ಹುಕ್ಕೇರಿ ತಾಲ್ಲೂಕಿಗೆ ವಿದ್ಯುತ್ತನ್ನು ಹಂಚುವುದು 1969ರಲ್ಲಿ ಸ್ಥಾಪಿತವಾದ ಅಲ್ಲಿನ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಗೋಕಾಕ, ಮೂಡಲಗಿಗಳಿಗೆ ಹುಬ್ಬಳ್ಳಿಯ ವಿದ್ಯುತ್ ಸರಬರಾಜು ಕಂಪನಿ. ಹುಕ್ಕೇರಿಯ ಬೀದಿಯಲ್ಲಿ ತಂತಿ ಹರಿದರೆ ಗೋಕಾಕದ ದೀಪ ಆರದು. ಆದರೆ ನಾಲ್ಕು ಯಂತ್ರಗಳಲ್ಲಿಯೂ ಒಂದೇ ತಂತ್ರಾಂಶವಿದ್ದರೆ ನಾಲ್ಕೂ ಒಂದೇ ಗಳಿಗೆಯಲ್ಲಿ ಒಂದೇ ತಪ್ಪನ್ನು ಮಾಡುತ್ತವೆ. ಮೂವರ ರುಜು ತಪ್ಪಿಗೂ ದೊರೆಯುತ್ತದೆ. ಇಬ್ಬರಾದರೂ ಬೇರೆ ತಂತ್ರಾಂಶವನ್ನಿಟ್ಟುಕೊಂಡು, ರುಜುವಿಗೆ ಮುನ್ನ ಪ್ರತಿಯೊಬ್ಬನೂ ತನ್ನ ಯಂತ್ರದಿಂದಲೇ ತಾಳೆ ನೋಡುವ ಪಕ್ಷದಲ್ಲಿ, ಮೂವರ ಒಮ್ಮತ ಹುಟ್ಟದೆ ಕೂಟ ಮೌನವಾಗಿರುವುದು. ಮೌನಕ್ಕೆ ತೆರುವ ದಂಡ ಅಲ್ಪವೆಂದು ಮೇಲೆಯೇ ಹೇಳಿದೆ.

ಹೊಲೆಸ್ಕಿಯಲ್ಲಿ ಹೊರಹೋಗಬೇಕಾದ ವ್ಯಾಲಿಡೇಟರುಗಳ ಸಾಲು ಬಹಳ ಉದ್ದವಾಗಿ, ಕೆಲವು ಪರೀಕ್ಷೆಗಳು ಅಲ್ಲಿ ಅಸಾಧ್ಯವಾದವು. ಮಾರ್ಚ್ 17ರಂದು ಹೊಸ ಜಾಲವೊಂದನ್ನು ಆರಂಭಿಸಿದರು. ಅದಕ್ಕಿಟ್ಟ ಹೆಸರು ಹೂಡಿ. ನಮ್ಮ ಬೆಂಗಳೂರಿನ ಹೂಡಿಯೇ! ಮಾರ್ಚ್ 26ರಂದು ಪೆಕ್ಟ್ರಾ ಹೂಡಿಯಲ್ಲಿ ಸುಗಮವಾಗಿ ಜಾರಿಗೆ ಬಂದಿತು. ಮೇ 7ರಂದು ಅಸಲು ಜಾಲಕ್ಕೆ ಏರಿತು. ಅದರ ಮುಂದಿನ ಬದಲಾವಣೆಯಾದ ಫುಸಾಕಾ ಕೂಡ ಅಕ್ಟೋಬರ್ 28ರಂದು ಹೂಡಿಯನ್ನು ಹಾಯ್ದು, ಡಿಸೆಂಬರ್ 3ರಂದು ಅಸಲು ಜಾಲವನ್ನು ಸೇರಿತು.