ಕಾಯಿದೆಯ ಅಳತೆಗೆ ಹೊಲಿದ ಸ್ಕೂಟರು

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಯಂತ್ರಗಳಿಗೂ ಒಪ್ಪುವುದೆಂಬುದಕ್ಕೆ ಇಟಲಿಯ ವೆಸ್ಪಾ ಸ್ಕೂಟರು ಉತ್ತಮ ನಿದರ್ಶನವಾಗಿದೆ.

ವಿಮಾನಗಳ ವಿನ್ಯಾಸದಲ್ಲಿ ನುರಿತಿದ್ದ ಕೊರಾದಿನೋ ದಾಸ್ಕಾನಿಯೋ ಅವರು ರೂಪಿಸಿದ ಮೊದಲ ವೆಸ್ಪಾ 1946ರಲ್ಲಿ ಮಾರುಕಟ್ಟೆಗೆ ಬಂದಿತು. ಅದರ ಎಂಜಿನಿನ ಗಾತ್ರ 98 ಸಿ.ಸಿ. ಕ್ರಮೇಣ ಅದು 125, 150 ಎಂದು ಬೆಳೆಯಿತು. ಆದರೆ ಅಲ್ಲಿಯ ಸಂಚಾರ ಕಾಯಿದೆ 50 ಸಿ.ಸಿ.ಗೆ ಒಂದು ಗೆರೆ ಎಳೆಯಿತು. ಅದನ್ನು ಮೀರಿದ ವಾಹನಕ್ಕೆ ನಂಬರ್ ಪ್ಲೇಟು ಕಡ್ಡಾಯ. ಮೀರದಿದ್ದರೆ ಅದು ಮೊಪೆಡ್, 14 ವರ್ಷದ ಬಾಲಕನೂ ಓಡಿಸಬಹುದಾಗಿತ್ತು. ವೇಗ ಮಾತ್ರ ಗಂಟೆಗೆ 40 ಕಿಲೋಮೀಟರನ್ನು ದಾಟಬಾರದಾಗಿತ್ತು. ಈ ಅಳತೆಗೆ ಸರಿಯಾಗಿ 1963ರಲ್ಲಿ ವೆಸ್ಪಾ 50 ಸಿದ್ಧವಾಯಿತು. ಮೈಕಟ್ಟು ಕಿರಿದಾಯಿತು, ತೂಕ ಇಳಿಯಿತು. ದಾಸ್ಕಾನಿಯೋ ಅವರು ರೂಪಿಸಿದ ಕೊನೆಯ ವೆಸ್ಪಾ ಇದೇ.

ಫ್ರಾನ್ಸಿನ ಕಾಯಿದೆಯಾದರೋ ಮೊಪೆಡ್ಡಿಗೆ ತುಳಿಯುವ ಪೆಡಲು ಇರಲೇಬೇಕೆಂದಿತು. ಆ ದೇಶಕ್ಕಾಗಿ ಪೆಡಲುಳ್ಳ ವೆಸ್ಪಾವನ್ನೇ ತಯಾರಿಸಲಾಯಿತು! ಇತ್ತ ಕೆಲವು ತರುಣರು ದೊಡ್ಡ ಸಿಲಿಂಡರು ಜೋಡಿಸಿ ಗೆರೆಯನ್ನು ಗುಟ್ಟಾಗಿ ದಾಟುತ್ತಿದ್ದುದೂ ಉಂಟು.

ಇದೇ 50ರ ಗೆರೆ ನಮ್ಮ 1988ರ ಮೋಟಾರು ವಾಹನ ಕಾಯಿದೆಯಲ್ಲಿಯೂ ಇದೆ. 16 ತುಂಬಿದವರು ಪೋಷಕರ ಲಿಖಿತ ಒಪ್ಪಿಗೆಯೊಡನೆ ಪರವಾನಗಿ ಪಡೆದು, 50 ಸಿ.ಸಿ. ಮೀರದ ಗೇರಿಲ್ಲದ ವಾಹನವನ್ನು ಓಡಿಸಬಹುದು. 1980ರಲ್ಲಿ ನಮ್ಮ ಹೊಸೂರಿನ ಕಾರ್ಖಾನೆಯಿಂದ ಹೊರಬಂದ ಟಿವಿಎಸ್ 50 ಆ ಗಾತ್ರದ್ದೇ. ಅದೇ ವಂಶದ ಇಂದಿನ ಎಕ್ಸ್‌ಎಲ್ 100 ವಾಹನದ ಎಂಜಿನು ಸುಮಾರು 100 ಸಿ.ಸಿ. ರಿಯಾಯಿತಿ ಕಾಯಿದೆಯ ಪುಸ್ತಕದಲ್ಲಿ ಉಳಿದಿದೆ. ಅದಕ್ಕೆ ಹೊಂದುವ ಹೊಸ ಪೆಟ್ರೋಲ್ ವಾಹನ ಅಂಗಡಿಯಲ್ಲಿ ಕಾಣುವುದೇ ಅಪರೂಪ.

ಆದುದರಿಂದ ‘ಗೇರಿಲ್ಲದ ಗಾಡಿ, ಮಗುವಿಗೆ ಹದಿನಾರಾಯಿತು’ ಎಂದು 110 ಸಿ.ಸಿ.ಯ ಸ್ಕೂಟರನ್ನು ಕೊಟ್ಟು ಕಾಲೇಜಿಗೆ ಕಳುಹಿಸುವುದು ಅಪರಾಧ. 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ವಾಹನದ ಒಡೆಯರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ 25,000 ರೂಪಾಯಿ ದಂಡ ವಿಧಿಸಬಹುದು. ಸಿಕ್ಕಿಬಿದ್ದ ಮಗುವಿಗೆ 25 ವರ್ಷವಾಗುವವರೆಗೆ ಪರವಾನಗಿಯೂ ದೊರೆಯದು.

ಕಾಯಿದೆಯ ಅಳತೆಗೇ ಹೊಲಿದ ವಾಹನ ಇಂದಿಗೂ ಒಂದುಂಟು. ಮೋಟರಿನ ಶಕ್ತಿ 250 ವ್ಯಾಟ್, ವೇಗ ಗಂಟೆಗೆ 25 ಕಿಲೋಮೀಟರಿನ ಒಳಗಿರುವ ಹಗುರವಾದ ವಿದ್ಯುತ್ ದ್ವಿಚಕ್ರಿಯನ್ನು ನಿಯಮಗಳು ಮೋಟಾರು ವಾಹನವೆಂದೇ ಎಣಿಸುವುದಿಲ್ಲ. ಆದರೆ ವೇಗದ ಕಟ್ಟನ್ನು ಬಿಚ್ಚಿಸಿದೊಡನೆ ಆ ವಿನಾಯಿತಿ ಹೋಗುತ್ತದೆ. ಕೊಳ್ಳುವ ಮುನ್ನ ಪೋಷಕರು ಬಣ್ಣಕ್ಕಿಂತ ಮೊದಲು ಈ ಎರಡು ಅಂಕಿಗಳನ್ನು ನೋಡುವುದು ಲೇಸು.